ತೆರೆಯ ಮುಂದಿನ ಕಣ್ಣೀರು

ಸಿನಿಮಾ ನೋಡುತ್ತಾ ನೀವು ಎಂದಾದರೂ ಅತ್ತದ್ದುಂಟೇ? ನಾಚಿಕೆಪಡಬೇಕಾಗಿಲ್ಲ, ಅಳದವರೇ ಕಡಿಮೆ. ತೆರೆಯ ಮೇಲಿನ ಆ ತಾಯಿ ನಿಮ್ಮ ತಾಯಿಯಲ್ಲ. ಆಕೆ ಸತ್ತೂ ಇಲ್ಲ. ಆ ದೃಶ್ಯ ಮುಗಿದ ಮೇಲೆ ನಟಿ ಬಣ್ಣ ಒರೆಸಿಕೊಂಡು, ಸಂಭಾವನೆ ಪಡೆದು ಮನೆಗೆ ಹೋಗಿದ್ದಾಳೆ. ಇದೆಲ್ಲ ನಿಮಗೆ ಚೆನ್ನಾಗಿ ಗೊತ್ತು. ಆದರೂ ಗಂಟಲು ಕಟ್ಟುತ್ತದೆ, ಕಣ್ಣು ತುಂಬುತ್ತದೆ. ಬುದ್ಧಿಯು ಸುಳ್ಳೆಂದು ತಿಳಿದದ್ದನ್ನು ದೇಹವೇಕೆ ನಂಬುತ್ತದೆ? ಹಾಗೆ ಸುರಿದ ಕಣ್ಣೀರಿಗೆ ಏನಾದರೂ ಬೆಲೆಯಿದೆಯೇ?

ಮೊದಲನೆಯ ಪ್ರಶ್ನೆಗೆ ವಿಜ್ಞಾನಿಗಳು ಒಂದಿಷ್ಟು ಉತ್ತರ ಕೊಟ್ಟಿದ್ದಾರೆ. ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಬೇಕಾದವರು ನಾವು.

ಇತ್ತೀಚೆಗೆ ನಮ್ಮ ಭಾಷಣಗಳಲ್ಲಿಯೂ ವಾಟ್ಸ್‌ಆ್ಯಪ್ ಸಂದೇಶಗಳಲ್ಲಿಯೂ ಒಂದು ವಾದ ಪದೇ ಪದೇ ಕೇಳಿಬರುತ್ತಿದೆ. ಸಿನಿಮಾ ನೋಡಿದಾಗ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಹರಿಯುತ್ತದಂತೆ, ಮಾದಕ ದ್ರವ್ಯ ಸೇವಿಸಿದವನ ಮೆದುಳಿನಲ್ಲೂ ಹರಿಯುವುದು ಅದೇ, ಆದ್ದರಿಂದ ಸಿನಿಮಾ ಒಂದು ಮಾದಕ ದ್ರವ್ಯ. ಹೇಳುವವರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ವಾದ ಸಡಿಲಾಗಿದೆ. ದಿನವಿಡೀ ಉಪವಾಸವಿದ್ದು ಮಗ್ರಿಬ್‌ನ ಬಾಂಗಿಗಾಗಿ ಕಾಯುತ್ತಾ ತಟ್ಟೆಯ ಖರ್ಜೂರವನ್ನು ನೋಡುವವನ ಮೆದುಳಿನಲ್ಲೂ ಡೋಪಮಿನ್ ತನ್ನ ಕೆಲಸ ಮಾಡುತ್ತಿರುತ್ತದೆ. ಅದು ತೀರಾ ಕಡಿಮೆಯಾದರೆ ಕೈ ನಡುಗುತ್ತದೆ, ಹೆಜ್ಜೆ ಕಟ್ಟಿದಂತಾಗುತ್ತದೆ. ಪಾರ್ಕಿನ್ಸನ್ ಕಾಯಿಲೆಯವರನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ. ಅಲ್ಲಾಹನು ನಮ್ಮ ದೇಹದಲ್ಲಿಟ್ಟ ಒಂದು ವ್ಯವಸ್ಥೆಯನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವುದು ಸರಿಯಲ್ಲ. ಇನ್ನೂ ಒಂದು ಅಪಾಯವಿದೆ. ಸಿನಿಮಾದಿಂದ ಮೆದುಳಿಗೆ ಒಳ್ಳೆಯದಾಗುತ್ತದೆಂದು ನಾಳೆ ಯಾವುದಾದರೂ ಪ್ರಯೋಗ ಹೇಳಿದರೆ ಆಗ ಏನು ಮಾಡುತ್ತೀರಿ? ಅಂತಹ ಪ್ರಯೋಗಗಳು ಈಗಾಗಲೇ ಆಗಿವೆ.

2016ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ರಾಬಿನ್ ಡನ್‌ಬಾರ್ ಮತ್ತು ಅವರ ಸಂಗಡಿಗರು ಒಂದು ವಿಚಿತ್ರ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದರು. ಒಂದು ಗುಂಪಿಗೆ ಮನೆಯಿಲ್ಲದ ಒಬ್ಬ ದುರ್ದೈವಿಯ ಬದುಕಿನ ದುಃಖದ ಚಿತ್ರವನ್ನೂ ಇನ್ನೊಂದು ಗುಂಪಿಗೆ ಸಪ್ಪೆಯಾದ ಸಾಕ್ಷ್ಯಚಿತ್ರಗಳನ್ನೂ ತೋರಿಸಿದರು. ಚಿತ್ರಕ್ಕೆ ಮುಂಚೆಯೂ ನಂತರವೂ ಎಲ್ಲರನ್ನೂ ಗೋಡೆಗೆ ಬೆನ್ನು ಒರಗಿಸಿ, ಕುರ್ಚಿಯಿಲ್ಲದೆ ಕುರ್ಚಿಯಲ್ಲಿ ಕೂತ ಭಂಗಿಯಲ್ಲಿ ನಿಲ್ಲಿಸಿದರು. ತೊಡೆ ಉರಿಯುವ ಆ ನೋವನ್ನು ಎಷ್ಟು ಹೊತ್ತು ತಾಳುತ್ತಾರೆಂಬುದೇ ಪರೀಕ್ಷೆ. ದುಃಖದ ಚಿತ್ರ ನೋಡಿದವರು ಸರಾಸರಿಯಲ್ಲಿ ಮೊದಲಿಗಿಂತ ಹೆಚ್ಚು ಹೊತ್ತು ತಾಳಿದರು. ಜೊತೆಯಲ್ಲಿ ಕುಳಿತವರ ಬಗ್ಗೆ ಅವರಿಗೆ ಹೆಚ್ಚು ಆಪ್ತಭಾವವೂ ಉಂಟಾಗಿತ್ತು. ದೇಹವೇ ತಯಾರಿಸುವ ಎಂಡಾರ್ಫಿನ್ ಎಂಬ ನೋವು ನಿವಾರಕವು ಇದಕ್ಕೆ ಕಾರಣವೆಂದು ಅವರ ಊಹೆ. ಊಹೆ ಎನ್ನಲು ಕಾರಣ, ಅವರು ಅಳೆದದ್ದು ನೋವು ತಾಳುವ ಶಕ್ತಿಯನ್ನು, ಎಂಡಾರ್ಫಿನನ್ನಲ್ಲ. ಹೇಗೂ, ಮನಸಾರೆ ಅತ್ತು ಬಂದವರಿಗೆ ಹಗುರವೆನಿಸುವುದೇಕೆ ಎಂಬುದಕ್ಕೆ ಇಲ್ಲೊಂದು ಸುಳಿವಿದೆ.

ಜರ್ಮನಿಯ ಮೈನ್ಸ್ ನಗರದ ರಸಾಯನಶಾಸ್ತ್ರಜ್ಞರು ಮೆದುಳಿಗೆ ಕೈಯಿಕ್ಕದೆ ಚಿತ್ರಮಂದಿರದ ಗಾಳಿಯನ್ನೇ ಅಳೆದರು. ಹವಾನಿಯಂತ್ರಣದ ಕೊಳವೆಯಲ್ಲಿ ಯಂತ್ರವಿಟ್ಟು 108 ಪ್ರದರ್ಶನಗಳಲ್ಲಿ 16 ಚಿತ್ರಗಳನ್ನು ನೋಡಿದ ಸುಮಾರು 9,500 ಮಂದಿಯ ಉಸಿರನ್ನು ಪರಿಶೀಲಿಸಿ 2016ರಲ್ಲಿ ವರದಿ ಮಾಡಿದರು. ರೋಚಕ ದೃಶ್ಯ ಬಂದಾಗಲೆಲ್ಲ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ಐಸೊಪ್ರೀನ್ ಏರುತ್ತಿತ್ತು. ಐಸೊಪ್ರೀನ್ ನಮ್ಮ ಸ್ನಾಯುಗಳಲ್ಲಿ ಸಂಗ್ರಹವಾಗಿರುತ್ತದೆ, ಸ್ನಾಯು ಬಿಗಿದಾಗ ಉಸಿರಿನ ಮೂಲಕ ಹೊರಬರುತ್ತದೆ. ಎಂದರೆ ನಾಯಕಿ ಅಪಾಯಕ್ಕೆ ಸಿಲುಕಿದ ಕ್ಷಣದಲ್ಲಿ ನೂರಾರು ಜನ ತಮಗರಿವಿಲ್ಲದೆ ಕುರ್ಚಿಯ ಕೈ ಬಿಗಿಹಿಡಿದು ಉಸಿರು ಕಟ್ಟಿ ಕುಳಿತಿದ್ದರು. ಅದೇ ಚಿತ್ರದ ಮರುದಿನದ ಪ್ರದರ್ಶನದಲ್ಲಿ, ಬೇರೆಯೇ ಜನ ಕುಳಿತಾಗಲೂ, ಅದೇ ನಿಮಿಷದಲ್ಲಿ ಅದೇ ಏರಿಕೆ ಕಂಡುಬಂತು.

ಭಯದ ಚಿತ್ರ ನೋಡಿದರೆ ರಕ್ತ ಹೆಪ್ಪುಗಟ್ಟುತ್ತದೆಂಬ ಮಾತು ಯುರೋಪಿನ ಹಲವು ಭಾಷೆಗಳಲ್ಲಿದೆ. ನೆದರ್‌ಲ್ಯಾಂಡ್ಸಿನ ಲೈಡನ್‌ನ ವೈದ್ಯರು ಇದನ್ನೂ ಬಿಡಲಿಲ್ಲ. 2015ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 24 ಮಂದಿ ಒಂದು ದೆವ್ವದ ಚಿತ್ರವನ್ನೂ ಒಂದು ಶಾಂತ ಸಾಕ್ಷ್ಯಚಿತ್ರವನ್ನೂ ನೋಡಿದರು. ದೆವ್ವದ ಚಿತ್ರದ ನಂತರ ರಕ್ತ ಹೆಪ್ಪುಗಟ್ಟಲು ನೆರವಾಗುವ ಒಂದು ಅಂಶವು ಏರಿತ್ತು. ರಕ್ತವೇನೋ ಹೆಪ್ಪುಗಟ್ಟಲಿಲ್ಲ. ಗಾಯವಾದರೆ ಇರಲಿ ಎಂದು ದೇಹವು ಸಿದ್ಧತೆ ಮಾಡಿಕೊಂಡಿತ್ತು, ಅಷ್ಟೆ.

ಇವೆಲ್ಲವುಗಳಲ್ಲಿ ನನಗೆ ಹೆಚ್ಚು ಮಹತ್ವದ್ದೆಂದು ತೋರುವುದು ಒಂದು ಹಳೆಯ ಪ್ರಯೋಗ. 1965ರಲ್ಲಿ ಸ್ವೀಡನ್ನಿನ ಲೆನ್ನಾರ್ಟ್ ಲೇವಿ ಎಂಬ ವೈದ್ಯರು ಕಚೇರಿಯಲ್ಲಿ ಕೆಲಸ ಮಾಡುವ 20 ಮಂದಿ ಮಹಿಳೆಯರಿಗೆ ಬೇರೆ ಬೇರೆ ಸಂಜೆಗಳಲ್ಲಿ ಬೇರೆ ಬೇರೆ ಚಿತ್ರಗಳನ್ನು ತೋರಿಸಿ, ಅವರ ಮೂತ್ರದಲ್ಲಿದ್ದ ಅಡ್ರಿನಾಲಿನ್ ಪ್ರಮಾಣವನ್ನು ಅಳೆದರು. ಪ್ರಕೃತಿ ದೃಶ್ಯಗಳ ಚಿತ್ರ ನೋಡಿದಾಗ ಅದು ಇಳಿಯಿತು. ಯುದ್ಧದ ಅನ್ಯಾಯವನ್ನು ತೋರಿಸುವ ಚಿತ್ರ ನೋಡಿದಾಗ ಏರಿತು. ದೆವ್ವದ ಚಿತ್ರ ನೋಡಿದಾಗಲೂ ಏರಿತು. ಬಿದ್ದು ಬಿದ್ದು ನಗಿಸುವ ಹಾಸ್ಯಚಿತ್ರ ನೋಡಿದಾಗಲೂ ಏರಿತು! ಸಿಟ್ಟು, ಭಯ, ನಗು ಮೂರಕ್ಕೂ ಹರಿದದ್ದು ಒಂದೇ ರಸ. ಅನ್ಯಾಯ ಕಂಡು ಕುದಿದ ರಕ್ತ ಯಾವುದು, ಚೇಷ್ಟೆ ಕಂಡು ನಕ್ಕ ರಕ್ತ ಯಾವುದು ಎಂದು ಪ್ರಯೋಗಾಲಯದ ಸೀಸೆಯನ್ನು ನೋಡಿ ಹೇಳಲಾಗುವುದಿಲ್ಲ. ಆ ವ್ಯತ್ಯಾಸ ಗೊತ್ತಿರುವುದು ನೋಡಿದವಳಿಗೆ, ಮತ್ತು ಹೃದಯಗಳಲ್ಲಿರುವುದನ್ನು ಬಲ್ಲವನಿಗೆ.

ಹಾಗಾದರೆ ನಮ್ಮ ಹೊಣೆ ಎಲ್ಲಿಂದ ಶುರುವಾಗುತ್ತದೆ? ಕಣ್ಣು ಕಂಡೊಡನೆ ಎದೆ ಬಡಿದುಕೊಂಡರೆ ಅದು ನನ್ನ ತಪ್ಪೇ? ಅಲ್ಲವೆಂದೇ ನಮ್ಮ ಧರ್ಮ ಹೇಳುತ್ತದೆ. ಮನಸ್ಸಿನಲ್ಲಿ ಸುಳಿದುಹೋಗುವುದನ್ನು, ಅದನ್ನು ಆಡದಿರುವ ಮತ್ತು ಮಾಡದಿರುವ ತನಕ, ಅಲ್ಲಾಹನು ಈ ಸಮುದಾಯಕ್ಕೆ ಕ್ಷಮಿಸಿದ್ದಾನೆಂದು ಪ್ರವಾದಿವರ್ಯರು(ಸ) ತಿಳಿಸಿರುವುದು ಪ್ರಸಿದ್ಧ ಹದೀಸ್. ಹ. ಅಲಿ(ರ)ಯವರಿಗೆ ನೀಡಿದ ಉಪದೇಶವೂ ನಿಮಗೆ ನೆನಪಿರಬಹುದು. ಒಂದು ನೋಟದ ಬೆನ್ನಿಗೆ ಇನ್ನೊಂದನ್ನು ಕಳುಹಿಸಬಾರದು, ಮೊದಲನೆಯದಕ್ಕೆ ವಿನಾಯಿತಿಯಿದೆ, ಎರಡನೆಯದಕ್ಕಿಲ್ಲ ಎಂಬುದು ಅದರ ತಾತ್ಪರ್ಯ. ಅದು ಪರಸ್ತ್ರೀಯನ್ನು ನೋಡುವ ಸಂದರ್ಭದಲ್ಲಿ ಹೇಳಿದ್ದು. ಆದರೆ ಅದರೊಳಗಿನ ನ್ಯಾಯ ವಿಶಾಲವಾಗಿದೆ. ಮೊದಲ ನೋಟವು ದೇಹದ್ದು. ಎರಡನೆಯ ನೋಟ ಬರುವಷ್ಟರಲ್ಲಿ ಮನುಷ್ಯ ಎಚ್ಚತ್ತಿರುತ್ತಾನೆ. ಶ್ರವಣ, ದೃಷ್ಟಿ ಮತ್ತು ಹೃದಯ ಇವೆಲ್ಲವುಗಳ ಬಗ್ಗೆ ವಿಚಾರಣೆಯಿದೆಯೆಂದು ಪವಿತ್ರ ಕುರ್‌ಆನ್ (17:36) ಎಚ್ಚರಿಸುವುದು ಈ ಎಚ್ಚತ್ತ ಮನುಷ್ಯನನ್ನು.

ಚಿತ್ರ ತಯಾರಿಸುವವರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಎರಡನೆಯ ನೋಟಕ್ಕೂ ಮೊದಲನೆಯದಕ್ಕೂ ನಡುವೆ ಇರುವ ಆ ಚಿಕ್ಕ ಬಿಡುವನ್ನು ಅಳಿಸಿಹಾಕುವುದೇ ಅವರ ಕಸುಬಿನ ಜಾಣ್ಮೆ. ಇಲ್ಲಿ ಡೋಪಮಿನ್ ಬಗ್ಗೆ ಸರಿಯಾಗಿ ತಿಳಿಯುವುದು ಪ್ರಯೋಜನಕರ. ವುಲ್ಫ್ರಾಂ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮೆದುಳಿನಲ್ಲಿ ಡೋಪಮಿನ್ ಕೋಶಗಳ ಮಿಡಿತವನ್ನು ವರ್ಷಗಟ್ಟಲೆ ಗಮನಿಸಿದರು. ಮೊದಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಅವು ಮಿಡಿಯುತ್ತಿದ್ದವು. ರಸಕ್ಕೆ ಮುಂಚೆ ಒಂದು ದೀಪ ಹೊತ್ತುತ್ತದೆಂದು ಕೋತಿ ಕಲಿತ ಮೇಲೆ, ದೀಪಕ್ಕೆ ಮಿಡಿಯತೊಡಗಿದವು, ರಸಕ್ಕೆ ಸುಮ್ಮನಾದವು. ನಿರೀಕ್ಷಿಸಿದ ರಸ ಬರದಿದ್ದರೆ ಮಿಡಿತ ಕುಸಿಯುತ್ತಿತ್ತು. 2003ರಲ್ಲಿ ಅವರ ತಂಡ ಇನ್ನೊಂದನ್ನು ಕಂಡಿತು. ರಸ ಬರುವುದೋ ಇಲ್ಲವೋ ಎಂಬುದು ಅರ್ಧಕ್ಕರ್ಧ ಅನಿಶ್ಚಿತವಾಗಿರುವಾಗ ಕಾಯುವ ಹೊತ್ತಿನುದ್ದಕ್ಕೂ ಮಿಡಿತ ಏರುತ್ತಾ ಹೋಗುತ್ತಿತ್ತು. ಡೋಪಮಿನನ್ನು ಸುಖದ ರಸವೆನ್ನುವುದಕ್ಕಿಂತ ಕಾಯಿಸುವ ರಸವೆನ್ನುವುದೇ ಹೆಚ್ಚು ಸರಿ.

ಈಗ ನಮ್ಮ ಸಿನಿಮಾದ ಇಂಟರ್‌ವಲ್ ಎಲ್ಲಿ ಬರುತ್ತದೆಂದು ನೆನಪಿಸಿಕೊಳ್ಳಿ. ಧಾರಾವಾಹಿಯ ದಿನದ ಕಂತು ಎಲ್ಲಿ ನಿಲ್ಲುತ್ತದೆ? ಬಾಗಿಲು ತೆರೆಯುತ್ತದೆ, ಒಳಗೆ ಬಂದವರ ಮುಖ ಕಾಣುವ ಮುಂಚೆ ಹೆಸರುಗಳು ಓಡತೊಡಗುತ್ತವೆ. ಹಿಂದೆ ಮರುದಿನದ ತನಕ ಕಾಯಬೇಕಿತ್ತು. ಆ ಒಂದು ದಿನ ನಮಗೆ ಸಿಗುತ್ತಿದ್ದ ಬಿಡುವು. ಅಡುಗೆ, ನಮಾಝ್, ನೆರೆಮನೆಯ ಮಾತು ಎಲ್ಲವೂ ಆ ಬಿಡುವಿನಲ್ಲಿ ನುಗ್ಗಿ ಬರುತ್ತಿದ್ದವು. ಈಗ ಮೊಬೈಲಿನಲ್ಲಿ ಒಂದು ಕಂತು ಮುಗಿದೊಡನೆ ಇನ್ನೊಂದು ತಾನಾಗಿಯೇ ಆರಂಭವಾಗುತ್ತದೆ, ನಿಲ್ಲಿಸಲು ನೀವು ಬೆರಳಾಡಿಸಬೇಕು. ತಮ್ಮ ಕಂಪೆನಿಯ ಪೈಪೋಟಿ ನಿದ್ದೆಯೊಂದಿಗೆ ಎಂದು ನೆಟ್‌ಫ್ಲಿಕ್ಸ್‌ನ ಅಂದಿನ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ 2017ರಲ್ಲಿ ಬಾಯಿಬಿಟ್ಟೇ ಹೇಳಿದ್ದರು. ಸುಬ್‌ಹಿಯ ಬಾಂಗ್ ಕೂಡ ನಿದ್ದೆಯೊಂದಿಗೇ ಪೈಪೋಟಿ ನಡೆಸುತ್ತದೆ. ರಾತ್ರಿ ಎರಡು ಗಂಟೆಗೆ ಮಲಗಿದ ಮನೆಯಲ್ಲಿ ಯಾರು ಗೆಲ್ಲುತ್ತಾರೆಂದು ಹೇಳಬೇಕಾಗಿಲ್ಲ. ಇಂತಹ ಮನೆಯಲ್ಲಿ ಚಿತ್ರದೊಳಗೆ ಅಶ್ಲೀಲವಿತ್ತೇ ಇಲ್ಲವೇ ಎಂಬ ಚರ್ಚೆ ಎರಡನೆಯದು.

ಮನೋರಂಜನೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಈದ್‌ನ ದಿನ ಮಸೀದಿಯಲ್ಲಿ ಅಬಿಸೀನಿಯದವರು ಈಟಿ ಹಿಡಿದು ಆಡುತ್ತಿದ್ದಾಗ ಹ. ಆಯಿಶಾ(ರ) ಅದನ್ನು ನೋಡಲೆಂದು ಪ್ರವಾದಿವರ್ಯರು(ಸ) ಅಡ್ಡನಿಂತು ಮರೆಯಾಗಿದ್ದರು. ಅವರಿಗೆ ಸಾಕೆನಿಸುವ ತನಕ ನಿಂತೇ ಇದ್ದರು. ಸಾಕೆನಿಸುವ ತನಕ! ಆ ಆಟಕ್ಕೆ ಸಾಕೆನಿಸುವ ಗುಣವಿತ್ತು.

ಇನ್ನು ಕಣ್ಣೀರಿನ ವಿಷಯಕ್ಕೆ ಬರೋಣ. ಸಿನಿಮಾವನ್ನು ಸಮರ್ಥಿಸುವವರ ಗಟ್ಟಿ ವಾದ ಇಲ್ಲಿದೆ. ಸಿನಿಮಾ ಹೃದಯವನ್ನು ಮೃದುಗೊಳಿಸುತ್ತದೆ, ಕಾಣದವರ ಕಷ್ಟವನ್ನು ಕಾಣಿಸುತ್ತದೆ ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. ಅಮೆರಿಕದ ಪಾಲ್ ಝಾಕ್ ಎಂಬವರು, ಕ್ಯಾನ್ಸರಿನಿಂದ ಸಾಯಲಿರುವ ಪುಟ್ಟ ಮಗ ಮತ್ತು ಅವನ ತಂದೆಯ ಕಿರುಚಿತ್ರವೊಂದನ್ನು ತೋರಿಸಿ ನೋಡುಗರ ರಕ್ತ ಪರೀಕ್ಷಿಸಿದಾಗ ಆಕ್ಸಿಟೋಸಿನ್ ಎಂಬ ಹಾರ್ಮೋನ್ ಏರಿತ್ತೆಂದೂ ಅದು ಏರಿದವರು ಇತರರಿಗೆ ಹಣ ಕೊಡುವುದರಲ್ಲಿ ಹೆಚ್ಚು ಉದಾರಿಗಳಾಗಿದ್ದರೆಂದೂ ವರದಿ ಮಾಡಿದ್ದರು. ತಾಯಿ ಮಗುವಿಗೆ ಹಾಲುಣಿಸುವಾಗ ಬಿಡುಗಡೆಯಾಗುವ ಹಾರ್ಮೋನ್ ಅದೇ. ಇಂತಹ ಆಕ್ಸಿಟೋಸಿನ್ ಪ್ರಯೋಗಗಳನ್ನು ಪೂರ್ತಿಯಾಗಿ ನಂಬಬೇಕಾಗಿಲ್ಲ. ಅದು ಜನರಲ್ಲಿ ಪರಸ್ಪರ ನಂಬಿಕೆ ಹೆಚ್ಚಿಸುತ್ತದೆಂಬ ಪ್ರಸಿದ್ಧ ಹೇಳಿಕೆಯು ಮರುಪ್ರಯೋಗಗಳಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲವೆಂದು 2015ರ ಒಂದು ಪರಿಶೀಲನೆ ತೋರಿಸಿದೆ. ಆದರೂ ಝಾಕ್‌ರ ಪ್ರಯೋಗದಲ್ಲಿ ನೀವು ಗಮನಿಸಬೇಕಾದ ಒಂದು ವಿವರವಿದೆ. ಚಿತ್ರ ಮುಗಿದೊಡನೆ, ಕಣ್ಣೊದ್ದೆ ಆರುವ ಮುಂಚೆ, ಕೊಡುವ ಅವಕಾಶ ಅವರ ಕೈಗೇ ಬಂದಿತ್ತು. ನಮ್ಮ ಚಿತ್ರಮಂದಿರದಲ್ಲಿ, ನಮ್ಮ ಮನೆಯ ಹಾಲ್‌ನಲ್ಲಿ ಹಾಗೆ ಯಾರು ಒದಗಿಸುತ್ತಾರೆ?

ಕಣ್ಣೀರಿಗೆ ಕೆಲಸ ಸಿಗದಿದ್ದರೆ ಏನಾಗುತ್ತದೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ, ಸಿನಿಮಾ ಹುಟ್ಟುವ ಮುಂಚೆಯೇ ಬರೆದಿದ್ದರು. ನಾಟಕದ ಪಾತ್ರಗಳಿಗಾಗಿ ಬಿಕ್ಕಿ ಬಿಕ್ಕಿ ಅಳುವ ರಷ್ಯದ ಶ್ರೀಮಂತ ಮಹಿಳೆ ಒಳಗೆ. ಹೊರಗೆ ಹಿಮದಲ್ಲಿ ಗಾಡಿಯ ಮೇಲೆ ಕುಳಿತು ಕಾಯುತ್ತಾ ಚಳಿಗೆ ಮರಗಟ್ಟಿ ಸಾಯುತ್ತಿರುವ ಆಕೆಯ ಗಾಡಿಯವ. ಜೇಮ್ಸ್‌ರ ಪ್ರಕಾರ ಇದು ಒಂದು ಸಂಜೆಯ ಅಲಕ್ಷ್ಯವಲ್ಲ, ಅಭ್ಯಾಸದ ಫಲ. ಭಾವನೆ ಉಕ್ಕುವುದು, ಏನೂ ಮಾಡದೆ ಅದು ಇಳಿಯುವುದು, ಹೀಗೆ ಪ್ರತಿ ಸಲವೂ ಆದರೆ ಏನೂ ಮಾಡದಿರುವುದೇ ರೂಢಿಯಾಗುತ್ತದೆ. ಡನ್‌ಬಾರ್‌ರ ಪ್ರಯೋಗವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅತ್ತ ಮೇಲೆ ಹಗುರವಾಗುತ್ತದೆ. ಆದರೆ ಇನ್ನೊಬ್ಬರ ನೋವು ನನಗೆ ಭಾರವಾದದ್ದು ಅದನ್ನು ಹೊರಲು ನಾನೂ ಕೈಗೂಡಿಸಲೆಂದು. ಹೊರೆಯವನು ಅಲ್ಲೇ ಇದ್ದಾನೆ, ನನಗೆ ಮಾತ್ರ ಹಗುರವಾಗಿದೆ!

ಕನ್ನಡದ್ದೇ ಒಂದು ಚಿತ್ರ ಇದನ್ನು ಬಹಳ ಚೆನ್ನಾಗಿ ಹೇಳಿದೆ. ವೈದೇಹಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 2008ರಲ್ಲಿ ತೆರೆಗೆ ತಂದ 'ಗುಲಾಬಿ ಟಾಕೀಸು'. ಗುಲಾಬಿ ಕರಾವಳಿಯ ಮೀನುಗಾರರ ನಡುವೆ ಒಂಟಿಯಾಗಿ ಬಾಳುವ ಮುಸ್ಲಿಮ್ ಸೂಲಗಿತ್ತಿ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದಾನೆ. ಆಕೆಗೆ ಸಿನಿಮಾದ ಹುಚ್ಚು. ಆ ಪಾತ್ರ ಮಾಡಿದ ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಹೆರಿಗೆ ಮಾಡಿಸಿದ ಮನೆಯವರಿಂದ ಆಕೆಗೆ ಒಂದು ಟಿ.ವಿ.ಯೂ ಡಿಶ್ ಆ್ಯಂಟೆನವೂ ಸಿಗುತ್ತವೆ. ಗಂಡಸರು ಕಡಲಿಗೆ ಹೋದ ಹೊತ್ತಿನಲ್ಲಿ ಕೇರಿಯ ಹೆಂಗಸರು ಅವಳ ಗುಡಿಸಲಲ್ಲಿ ಸೇರುತ್ತಾರೆ, ಕಥೆಗಳನ್ನು ಒಟ್ಟಿಗೆ ನೋಡುತ್ತಾರೆ. ಅದು ಕಾರ್ಗಿಲ್ ಯುದ್ಧದ, 1999ರ ಕಾಲ. ಊರಿನಲ್ಲಿ ಮೀನಿನ ವ್ಯಾಪಾರದ ಪೈಪೋಟಿಯು ಮತೀಯ ದ್ವೇಷದ ಬಣ್ಣ ಪಡೆಯುತ್ತಿದೆ. ಅವಳ ಮನೆಗೆ ಬರುತ್ತಿದ್ದ ನೇತ್ರು ಎಂಬ ಎಳೆಯ ಹೆಂಗಸು ಕಾಣೆಯಾದಾಗ ಎಲ್ಲರ ಬೆರಳು ಗುಲಾಬಿಯತ್ತ ತಿರುಗುತ್ತದೆ. ಅವಳ ಚಾಪೆಯ ಮೇಲೆ ಕುಳಿತಿದ್ದವರೇ ಅವಳನ್ನು ಒಂಟಿ ಮಾಡುತ್ತಾರೆ.

ಒಂದೇ ಚಿತ್ರ ನೋಡುವಾಗ ಬೇರೆ ಬೇರೆ ಜನರ ಮೆದುಳು ಹೇಗೆ ಒಂದೇ ತಾಳಕ್ಕೆ ಮಿಡಿಯುತ್ತದೆಂದು ಉರಿ ಹ್ಯಾಸನ್ ಎಂಬ ವಿಜ್ಞಾನಿ 2004ರಲ್ಲಿ ಸ್ಕ್ಯಾನ್ ಮಾಡಿ ತೋರಿಸಿದ್ದರು. ನಿರ್ದೇಶಕನ ಹಿಡಿತ ಬಿಗಿಯಾದಷ್ಟೂ ಈ ಸಾಮ್ಯ ಹೆಚ್ಚು. 2008ರ ಅವರ ವರದಿಯಂತೆ, ರೋಮಾಂಚಕ ಚಿತ್ರಗಳಿಗೆ ಪ್ರಸಿದ್ಧರಾದ ಹಿಚ್‌ಕಾಕ್‌ರ ಒಂದು ಕಿರುಚಿತ್ರ ನೋಡುವಾಗ ಮೆದುಳಿನ ಹೊರಪದರದ ಶೇ. 65ರಷ್ಟು ಭಾಗ ಎಲ್ಲರಲ್ಲೂ ಒಂದೇ ರೀತಿ ಮಿಡಿಯಿತು. ಉದ್ಯಾನವನದ ಬದಿಯಲ್ಲಿ ಕ್ಯಾಮೆರಾ ಸುಮ್ಮನೆ ಇಟ್ಟು ತೆಗೆದ ದೃಶ್ಯಕ್ಕೆ ಅದು ಶೇ. 5ಕ್ಕಿಂತಲೂ ಕಡಿಮೆ. ಗುಲಾಬಿಯ ಗುಡಿಸಲಿನ ಹೆಂಗಸರ ಮೆದುಳುಗಳೂ ಒಂದೇ ತಾಳಕ್ಕೆ ಮಿಡಿದಿರಬೇಕು. ಅದು ಅವಳಿಗೆ ಯಾವ ರಕ್ಷಣೆಯನ್ನೂ ಕೊಡಲಿಲ್ಲ. ಇತರರ ತಪ್ಪೆಂದು ಇದನ್ನು ಓದಿ ಸಮಾಧಾನಪಡಬೇಡಿ. ಗಂಡ ಬಿಟ್ಟುಹೋದ ಗುಲಾಬಿಯಂತಹ ಹೆಣ್ಣುಮಕ್ಕಳು ನಮ್ಮ ಜಮಾಅತ್‌ಗಳಲ್ಲಿಯೂ ಇದ್ದಾರೆ. ಅವರ ಕಥೆ ತೆರೆಯ ಮೇಲೆ ಬಂದರೆ ಅಳುವ ನಾವು, ಅವರ ಜೀವನಾಂಶದ ಅರ್ಜಿ ಜಮಾಅತ್ ಸಭೆಗೆ ಬಂದಾಗ ಗಡಿಯಾರ ನೋಡುತ್ತೇವೆ. ಆ ಹೆಣ್ಣು ತೆರೆಯ ಮೇಲಿನವಳಂತೆ ಸುಂದರವಾಗಿ ಅಳುವುದಿಲ್ಲ, ಹಿನ್ನೆಲೆ ಸಂಗೀತವೂ ಇರುವುದಿಲ್ಲ. ಸಿಟ್ಟಿನಿಂದ ಮಾತಾಡುತ್ತಾಳೆ, ಹೇಳಿದ್ದನ್ನೇ ಹೇಳುತ್ತಾಳೆ. ನಮ್ಮ ಆಕ್ಸಿಟೋಸಿನ್ ಏರುವುದೇ ಇಲ್ಲ. ಏರಬೇಕಾದ ಅಗತ್ಯವೂ ಇಲ್ಲ. ಅನಾಥನನ್ನು ತಳ್ಳುವವನನ್ನೂ ನೆರೆಯವರಿಗೆ ಚಿಕ್ಕಪುಟ್ಟ ವಸ್ತುಗಳನ್ನೂ ಕೊಡದವನನ್ನೂ ಖಂಡಿಸುವ ಸೂರಃ ಅಲ್ ಮಾಊನ್, ಅವನ ಕಣ್ಣು ಒದ್ದೆಯಾಗಿತ್ತೇ ಎಂದು ಕೇಳುವುದಿಲ್ಲ.

ಇಮಾಮ್ ಗಝ್ಝಾಲಿಯವರು 'ಇಹ್ಯಾ'ದಲ್ಲಿ ಹಾಡು ಕೇಳಿ ಉಂಟಾಗುವ ಭಾವಾವೇಶದ ಬಗ್ಗೆ ಒಂದು ಅಧ್ಯಾಯವನ್ನೇ ಬರೆದಿದ್ದಾರೆ. (ಸಂಗೀತದ ಧಾರ್ಮಿಕ ವಿಧಿಯ ಬಗ್ಗೆ ವಿದ್ವಾಂಸರಲ್ಲಿರುವ ಭಿನ್ನಾಭಿಪ್ರಾಯ ಇಲ್ಲಿಯ ವಿಷಯವಲ್ಲ.) ಕಿವಿಯ ಮೂಲಕ ಒಳಗೆ ಹೋದದ್ದು ಹೃದಯದಲ್ಲಿ ಮೊದಲೇ ಇದ್ದುದನ್ನು ಕದಲಿಸುತ್ತದೆ ಎಂಬುದು ಅವರ ಅಭಿಪ್ರಾಯ. ಸಿನಿಮಾಕ್ಕೂ ಇದು ಒಪ್ಪುತ್ತದೆಂದು ನನಗನಿಸುತ್ತದೆ. ಚಿತ್ರ ನೋಡಿ ನೀವು ಅತ್ತಿರಾದರೆ ನಿಮ್ಮೊಳಗೆ ಕರುಣೆಯ ನೀರಿದೆ ಎಂದಾಯಿತು. ಅದು ಎಲ್ಲಿಗೆ ಹರಿಯಬೇಕೆಂಬುದು ಇನ್ನು ನಿಮ್ಮ ಕೆಲಸ. ತನ್ನ ಹೃದಯ ಗಟ್ಟಿಯಾಗಿದೆಯೆಂದು ಒಬ್ಬರು ಬಂದು ದೂರಿಕೊಂಡಾಗ ಪ್ರವಾದಿವರ್ಯರು(ಸ) ಅವರಿಗೆ ಸೂಚಿಸಿದ ಮದ್ದು, ಬಡವನಿಗೆ ಉಣಿಸುವುದು ಮತ್ತು ಅನಾಥನ ತಲೆ ಸವರುವುದು. ಎರಡೂ ಕೈಯಿಂದ ಮಾಡುವ ಕೆಲಸಗಳು. ಹೃದಯದ ಕಾಯಿಲೆಗೆ ಕೈಯ ಮೂಲಕ ಚಿಕಿತ್ಸೆ!

ಮಕ್ಕಳ ವಿಷಯದಲ್ಲಿ ಒಂದು ಮಾತು. ಮೈನ್ಸ್‌ನ ಅದೇ ತಂಡ 2018ರಲ್ಲಿ, ಮಂದಿರದ ಗಾಳಿಯ ಐಸೊಪ್ರೀನ್ ನೋಡಿಯೇ ಒಂದು ಚಿತ್ರ ಯಾವ ವಯಸ್ಸಿನ ಮಕ್ಕಳಿಗೆ ತಕ್ಕದ್ದೆಂದು ಅಂದಾಜು ಮಾಡಬಹುದೆಂದು ತೋರಿಸಿತು. ನಿಮ್ಮಲ್ಲಿ ಅಂತಹ ಯಂತ್ರವಿಲ್ಲ, ಬೇಕಾಗಿಯೂ ಇಲ್ಲ. ಮಗುವಿನ ಪಕ್ಕದಲ್ಲಿ ಕುಳಿತರೆ ಅದರ ಬಿಗಿದ ಮುಷ್ಟಿ ಕಾಣುತ್ತದೆ. ಆದರೆ ಮೊಬೈಲನ್ನು ಮಗುವಿನ ಕೈಗಿತ್ತು ಅಡುಗೆ ಮನೆಗೆ ಹೋದರೆ ಅದೂ ಕಾಣುವುದಿಲ್ಲ. ನಿಮ್ಮ ಹತ್ತು ವರ್ಷದ ಮಗಳು ಚಿತ್ರದೊಳಗಿನ ಯಾವನೋ ಅನಾಥ ಹುಡುಗನಿಗಾಗಿ ಅತ್ತರೆ, ಅದೆಲ್ಲ ಸುಳ್ಳು ಕಣೇ ಎಂದು ನಕ್ಕು ಅವಳ ಬಾಯಿ ಮುಚ್ಚಿಸಬೇಡಿ. ಅವಳು ಕಣ್ಣೊರೆಸಿಕೊಂಡ ಮೇಲೆ, ನಿನ್ನ ತರಗತಿಯಲ್ಲಿ ಒಂಟಿಯಾಗಿ ಕೂತು ಉಣ್ಣುವವರು ಯಾರಾದರೂ ಇದ್ದಾರಾ ಎಂದು ಕೇಳಿ ನೋಡಿ. ಹೆಚ್ಚಿನ ಸಲ ಆ ಮಗುವಿನ ಹೆಸರು ಅವಳಿಗೆ ಗೊತ್ತಿರುತ್ತದೆ. ಮರುದಿನ ಅವಳ ಬುತ್ತಿಯಲ್ಲಿ ಎರಡು ದೋಸೆ ಹೆಚ್ಚಿಗೆ ಇಟ್ಟು ಕಳುಹಿಸಿ.